ನಮ್ಮೂರ ಮನೆಮಗಳು ಶೇಪಾಲಿ

ಶೇಪಾಲಿಯನ್ನು ಪೊಲೀಸರ ಕೈಗೆ ಕೊಟ್ಟಿದ್ದು ನಮ್ಮೂರ ಹುಡುಗರ ಅಭಿಮಾನ. ಆ ಹುಡುಗರ ಗುಂಪಿಗೆ ಮುಖಂಡ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹೇಮಂತ. ಪಾಂಡವಪುರದಲ್ಲಿ ಅವನದೊಂದು ಫ್ಲೆಕ್ಸ್ ಅಂಗಡಿ ಇದೆ. ಅವನ ಅಪ್ಪ, ಅಜ್ಜ ಎಲ್ಲ ಮರಗೆಲಸದವರು. ಅವರು ಮಾಡಿದ ಬಾಗಿಲು ಕಿಟಕಿಗಳು ಇನ್ನೂ ಗಟ್ಟಿಮುಟ್ಟಾಗಿವೆ. ಇವನು ಮಾಡಿದ್ದು ಒಂದು ಜೋರು ಗಾಳಿ ಬಂದರೆ ಹರಿಯುತ್ತದೆ.

ಕ್ಯಾತನಹಳ್ಳಿಯಲ್ಲಿ ಫ್ಲೆಕ್ಸ್ ಇಲ್ಲದೆ ಏನೂ ನಡೆಯುವುದಿಲ್ಲ. ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಎತ್ತು ಓಟದಲ್ಲಿ ಗೆದ್ದರೆ ಎತ್ತಿಗೂ ಫ್ಲೆಕ್ಸು. ಅದರ ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಆ ಸಾಲಿನಲ್ಲಿ ತನ್ನ ಮುಖ ಬರಲಿಲ್ಲವೆಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಹೀಗಿರುವಾಗ ಕೃಷಿ ಮೇಳದಲ್ಲಿ ಕರಿಯಪ್ಪನವರ ಆಲೆಮನೆಯ ಬೆಲ್ಲಕ್ಕೆ ಮೊದಲ ಬಹುಮಾನ ಬಂತು. ಆ ಬೆಲ್ಲ ಕಾಸಿದ ಶೇಪಾಲಿಗೆ ಒಂದು ಫ್ಲೆಕ್ಸ್ ಆಗಲೇಬೇಕೆಂದು ಹುಡುಗರು ಕುಣಿದರು.

ಶೇಪಾಲಿ ಗಂಡನ ಜೊತೆ ಆಲೆಮನೆ ಕೆಲಸಕ್ಕೆ ಬಂದವಳು. ಆಗ ಅವಳಿಗೆ ಕನ್ನಡದಲ್ಲಿ ಬರುತ್ತಿದ್ದುದು ‘ನೀರು’ ಒಂದೇ. ಗಂಡ ಕಾಮಾಲೆಯಾಗಿ ತೀರಿಕೊಂಡ. ಊರವರೇ ಸೇರಿ ಮಣ್ಣು ಮಾಡಿದೆವು. ಅವಳು ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಉಳಿದಳು. ಈಗ ಪಾಕ ಇಳಿಸುವ ಹೊತ್ತು ಹೇಳುವವಳೂ ಅವಳೇ, ಕೆಲಸ ಕೆಟ್ಟರೆ ಕರಿಯಪ್ಪನವರನ್ನು ಬೈಯುವವಳೂ ಅವಳೇ. ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡುತ್ತಾಳೆ. ನಿನ್ನೂರು ಯಾವುದೆಂದರೆ ಬಾಂಗ್ಲಾ ಅನ್ನುತ್ತಿದ್ದಳು. ನಾಗಮಂಗಲದ ಆಚೆ ಬೆಳ್ಳೂರು ಇದ್ದ ಹಾಗೆ ಕಲ್ಕತ್ತದ ಆಚೆ ಅದೊಂದು ಊರಿರಬೇಕು ಎಂದುಕೊಂಡು ನಾವು ಸುಮ್ಮನಿದ್ದೆವು.

ಹೇಮಂತ ಸುಮ್ಮನಿರಲಿಲ್ಲ. ‘ಬಾಂಗ್ಲಾದೇಶದಿಂದ ಬಂದು ಬೆಲ್ಲದಲ್ಲಿ ಕೀರ್ತಿ ತಂದ ನಮ್ಮೂರ ಮನೆಮಗಳು ಶೇಪಾಲಿ ಅವರಿಗೆ ಹಾರ್ದಿಕ ಅಭಿನಂದನೆಗಳು’ ಎಂದು ದೊಡ್ಡದೊಂದು ಫ್ಲೆಕ್ಸ್ ಮಾಡಿ ಬಸ್ಸು ನಿಲ್ಲುವ ಜಾಗದಲ್ಲಿ ಕಟ್ಟಿದ. ಮೂಲೆಯಲ್ಲಿ ಆ ದೇಶದ ಬಾವುಟ ಬೇರೆ. ಅದ್ಯಾಕೋ ಅಂದರೆ, “ಒಂದು ಇಂಟರ್‌ನ್ಯಾಷನಲ್ ಲುಕ್ ಬರ್ಲಿ ಅಂತ ಕಣವ್ವ” ಅಂದ. ಕನ್ನಡ ಓದಲು ಬಾರದ ಶೇಪಾಲಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ಅವತ್ತು ಅವಳು ನಕ್ಕ ನಗು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ವಾರದೊಳಗೆ ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಕೂಗಾಡುವ ಮನುಷ್ಯನಲ್ಲ. ಪಾಸ್‌ಪೋರ್ಟ್, ವೀಸಾ ಏನಾದರೂ ಇದೆಯಾ ಎಂದು ಕೇಳಿದರು. ಶೇಪಾಲಿಯ ಹತ್ತಿರ ಏನೂ ಇರಲಿಲ್ಲ. ಕರಿಯಪ್ಪನವರು ಅವಳ ಪರವಾಗಿ ಕೈ ಮುಗಿದರು.

“ಯಜಮಾನ್ರೆ, ನಾವಾಗಿ ಹುಡುಕ್ಕೊಂಡು ಬರಲಿಲ್ಲ. ನೀವೇ ಬೋರ್ಡ್ ಹಾಕಿ ಕರೆದಿದ್ದೀರಿ,” ಅಂದರು ಸಬ್ ಇನ್ಸ್‌ಪೆಕ್ಟರ್. ಆಮೇಲೆ ಮೊಬೈಲಿನಲ್ಲಿದ್ದ ಫ್ಲೆಕ್ಸಿನ ಫೋಟೋ ತೋರಿಸಿದರು. “ಈ ಕೆಳಗಿರೋ ಶುಭ ಕೋರುವವರೆಲ್ಲ ಎಲ್ಲಿದ್ದಾರೆ? ಇವರಿಗೆಲ್ಲ ವಿಷಯ ಗೊತ್ತಿತ್ತು ಅಂತಾಯ್ತು.”

ಶೇಪಾಲಿಯನ್ನು ಟೌನಿನ ಮಹಿಳಾ ಆಶ್ರಯಕ್ಕೆ ಕರೆದುಕೊಂಡು ಹೋದರು. ಸಂಜೆಯೊಳಗೆ ಫ್ಲೆಕ್ಸ್ ಮಾಯವಾಯಿತು. ಶುಭ ಕೋರುವವರ ಸಾಲಿನಲ್ಲಿ ತನ್ನ ಫೋಟೋ ದೊಡ್ಡದಾಗಿ ಬರಲಿ ಎಂದು ಹೇಮಂತನಿಗೆ ಟೀ ಕುಡಿಸಿದ್ದ ನಂಜಪ್ಪ ಈಗ, ನನ್ನನ್ನು ಕೇಳದೆ ಹಾಕಿಬಿಟ್ಟರು ಎಂದು ಊರ ತುಂಬ ಹೇಳಿಕೊಂಡು ಬಂದ. ನನ್ನ ಮಗ ಅಂಗಡಿಗೂ ಹೋಗದೆ ಮನೆಯಲ್ಲಿ ಹೊದ್ದು ಮಲಗಿದ. ಹೊರಗೆ ನಲವತ್ತು ಡಿಗ್ರಿ ಬಿಸಿಲು.

ಕರಿಯಪ್ಪನವರು ಪಾಂಡವಪುರದಿಂದ ರಂಜಿತ ಎಂಬ ಲಾಯರನ್ನು ಕರೆತಂದರು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಖಡಕ್ಕು. “ಅವಳಿಗೆ ಕಾಗದ ಕೊಡೋದು ನಮ್ಮ ಕೈಲಿಲ್ಲ,” ಅಂದಳು. “ಬೆಂಗಳೂರಿಗೆ ಕಳಿಸ್ತಾರೆ, ಅಲ್ಲಿಂದ ಗಡಿಗೆ. ಇವಳು ಇಷ್ಟು ವರ್ಷ ನಮ್ಮ ಜೊತೆ ಮರ್ಯಾದೆಯಿಂದ ಬಾಳಿದ್ದಾಳೆ, ಇಲ್ಲೇ ಇರೋಕೆ ಬಿಡಿ ಅಂತ ಊರವರು ಸಹಿ ಮಾಡಿಕೊಟ್ಟರೆ ಹೈಕೋರ್ಟಲ್ಲಿ ಕೇಳಿ ನೋಡಬಹುದು. ಗ್ಯಾರಂಟಿ ಏನಿಲ್ಲ. ಆದ್ರೆ ಇಬ್ಬರು ಮೂವರ ಸಹಿ ಸಾಲಲ್ಲ. ಊರು ಕೇಳ್ತಿದೆ ಅನ್ನಿಸ್ಬೇಕು.”

ಕರಿಯಪ್ಪನವರು ಸಹಿ ಮಾಡಿದರು. ನಾನೂ ಮಾಡಿದೆ. ಡೈರಿಯಲ್ಲಿ ಹಾಲು ಅಳೆಯುವವಳು ನಾನು. ಎರಡು ಹೊತ್ತೂ ಊರೆಲ್ಲ ನನ್ನ ಮುಂದೆ ಕ್ಯಾನು ಹಿಡಿದು ನಿಲ್ಲಲೇಬೇಕು. ಆ ಕಾಗದವನ್ನು ಹಾಲಿನ ಮಿಷನ್ ಪಕ್ಕದಲ್ಲೇ ಇಟ್ಟೆ.

ಮೊದಲು ಬಾಯಿ ತೆಗೆದವನು ನಂಜಪ್ಪ. “ಅವ್ಳು ಯಾವ ಜನ ಅಂತ ಗೊತ್ತಾ? ನಮ್ ಪೈಕಿಯಾದ್ರೆ ಅದೇನೋ ಕಾನೂನು ಅದೆಯಂತೆ, ಕಾಗ್ದ ಕೊಡ್ತಾರಂತೆ. ಬ್ಯಾರೆಯೋರಾದ್ರೆ ಇಲ್ವಂತೆ.”

ಪಕ್ಕದಲ್ಲಿದ್ದ ಕರಿಯಪ್ಪನವರಿಗೆ ರೇಗಿತು. “ಇಷ್ಟ್ ವರ್ಸ ಅವ್ಳು ಕಾಸಿದ್ ಬೆಲ್ಲ ತಿಂದಿದ್ದೀಯಲ್ಲಲಾ, ನಾಲ್ಗೆಗೆ ಗೊತ್ತಾಗ್ನಿಲ್ವಾ ಯಾವ್ ಜನ ಅಂತ?”

“ಅಂಗಲ್ಲ ಕಣಣ್ಣ. ಇವತ್ತು ಒಬ್ಳಿಗೆ ಸೈ ಅಂದ್ರೆ ನಾಳೆ ನೂರು ಜನ ಬತ್ತಾರೆ. ಆಮೇಲೆ ನಮ್ ಐಕ್ಳ ಕೂಲಿ ಗತಿಯೇನು?”

“ನಿನ್ ಐಕ್ಳು ಯಾವತ್ಲಾ ಒಲೆ ಮುಂದೆ ನಿಂತವ್ರೆ?”

ಜನ ನಕ್ಕರು. ನಕ್ಕವರಲ್ಲಿ ಒಬ್ಬರೂ ಪೆನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಬೈರಮ್ಮ ಕ್ಯಾನು ಕುಕ್ಕಿದಳು. ನಮ್ಮೂರಲ್ಲಿ ಬೈರಮ್ಮ ಬಾಯಿ ಬಿಟ್ಟರೆ ಮಿಕ್ಕವರು ಬಾಯಿ ಮುಚ್ಚಬೇಕು.

“ನನ್ ಸೊಸೆ ಎಸ್ರನ್ನ ರೇಸನ್ ಕಾರ್ಡಿಗೆ ಸೇರ್ಸಕ್ಕೆ ಅಲ್ದು ಅಲ್ದು ನನ್ ಚಪ್ಲಿ ಸವ್ದೋದ್ವು. ಇಲ್ಲೇ ಕೆ.ಆರ್. ಪೇಟೇಲಿ ಉಟ್ಟಿದೋಳ್ಗೆ ಅದಿಲ್ಲ ಇದಿಲ್ಲ ಅಂತಾರೆ. ಎಲ್ಲಿಂದ್ಲೋ ಬಂದೋಳ್ಗೆ ನೀವು ಸೈನ್ ಆಕ್ಕೊಡ್ತೀರಾ? ಕಾನೂನು ಅಂದ್ರೆ ಎಲ್ರಿಗೂ ಒಂದೇ ಇರ್ಬೇಕು. ಓಗ್ಲಿ ಅವ್ಳು.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವಳು ಸುಳ್ಳು ಹೇಳಿರಲಿಲ್ಲ. ಆ ಸೊಸೆಯ ಪಾಡು ನಾನೇ ಕಣ್ಣಾರೆ ಕಂಡಿದ್ದೆ. ಹಾಲಿನಲ್ಲಿ ನೀರಿದೆ ಎಂದು ಹೇಳಿ ಸೇಡು ತೀರಿಸಿಕೊಳ್ಳೋಣವೆಂದರೆ ಅವಳ ಹಾಲೂ ಗಟ್ಟಿಯಾಗಿತ್ತು. ಅವಳ ಮಾತಾದ ಮೇಲೆ ಕಾಗದದ ಹತ್ತಿರ ಯಾರೂ ಸುಳಿಯಲಿಲ್ಲ. ಒಬ್ಬರಿಗೆ ಕೇಸಿನ ಭಯ, ಒಬ್ಬರಿಗೆ ಬೈರಮ್ಮನ ಭಯ. ಶೇಪಾಲಿ ಪಾಪ ಎಂದು ಎಲ್ಲರೂ ಹೇಳಿದರು. ಹೇಳಿ ಹಾಲು ಹಾಕಿ ಹೋದರು.

ಬೆಂಗಳೂರಿಗೆ ಕಳಿಸುವ ದಿನ ಬಂದೇಬಿಟ್ಟಿತು. ಬಟ್ಟೆಬರೆ ತೆಗೆದುಕೊಳ್ಳಲಿ ಎಂದು ಅವಳನ್ನು ಬೆಳಿಗ್ಗೆ ಊರಿಗೆ ಕರೆತಂದರು. ಆಲೆಮನೆಯಿಂದ ಒಂದು ಚೀಲ ಹಿಡಿದುಕೊಂಡು ಮಹಿಳಾ ಪೇದೆಯ ಜೊತೆ ಡೈರಿ ಮುಂದೆ ನಿಂತಿದ್ದ ಜೀಪಿನ ಕಡೆಗೆ ನಡೆದು ಬಂದಳು. ನಾಲ್ಕೇ ದಿನಕ್ಕೆ ಮುಖ ಇಳಿದುಹೋಗಿತ್ತು. ಲಾಯರ್ ರಂಜಿತ ಕೊನೆಯ ಸಲ ಪ್ರಯತ್ನಿಸಿ ನೋಡೋಣವೆಂದು ಬಂದು ಕಾಗದ ಹಿಡಿದು ನಿಂತಿದ್ದಳು. ಗಡಿಗೆ ಸಾಗಿಸುವ ಮುಂಚೆ ಹೈಕೋರ್ಟಿಗೆ ಹೋಗಬೇಕು, ಇವತ್ತು ಸಹಿ ಆಗದಿದ್ದರೆ ಆಮೇಲೆ ಆಗಿ ಪ್ರಯೋಜನವಿಲ್ಲ ಎಂದು ನನಗೆ ಹೇಳಿದ್ದಳು. ಹಾಲು ತಂದವರೆಲ್ಲ ತಮ್ಮತಮ್ಮ ಕ್ಯಾನಿನೊಳಗೆ ಇಣುಕಿ ನೋಡುತ್ತಿದ್ದರು.

ಬೈರಮ್ಮ ಮಾತ್ರ ಕ್ಯಾನು ಅಲ್ಲೇ ಬಿಟ್ಟು ಸರಸರನೆ ಮನೆಗೆ ಹೋದಳು. ಬರುವಾಗ ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎರಡಚ್ಚು ಬೆಲ್ಲ, ಎಲೆ ಅಡಿಕೆ, ಒಂದು ರವಿಕೆ ಕಣ.

“ಏನಮ್ಮ ಇದು?” ಎಂದು ಪೇದೆ ಅಡ್ಡ ಬಂದಳು.

“ಮಡ್ಲಕ್ಕಿ. ನಿನ್ನ ತವ್ರಲ್ಲಿ ಕೊಡಾಕಿಲ್ವಾ?”

ಗಂಡ ಸತ್ತವಳಿಗೆ ಮಡಿಲು ತುಂಬಬಾರದು ಎಂದು ನಮ್ಮಲ್ಲಿ ಎಲ್ಲರಿಗಿಂತ ಮೊದಲು ಕೂಗುವವಳು ಇದೇ ಬೈರಮ್ಮ. ನನಗೆ ತಡೆಯಲಾಗಲಿಲ್ಲ. “ನೀನೇ ಓಗ್ಲಿ ಅಂದ್ಯಲ್ಲ,” ಅಂದೆ.

“ಓಗ್ಲಿ ಅಂದೆ ಕಣೇ ವರಲಕ್ಸ್ಮಿ. ಬರೀ ಮಡ್ಲಲ್ಲಿ ಓಗ್ಲಿ ಅಂದ್ನಾ?”

ಶೇಪಾಲಿ ಚೀಲ ಕೆಳಗಿಟ್ಟು ಸೆರಗು ಒಡ್ಡಿದಳು. ಬೈರಮ್ಮ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದು, ಮೇಲೆ ಕಾಯಿ ಬೆಲ್ಲ ಇಟ್ಟಳು. ಪೇದೆ ಕೈಗಡಿಯಾರ ನೋಡುವುದನ್ನು ಬಿಟ್ಟಳು.

ಮಡಿಲು ತುಂಬಿಸಿಕೊಂಡ ಹೆಣ್ಣುಮಗಳು ಹೊರಡುವ ಮುಂಚೆ ಅದರಲ್ಲಿ ಮೂರು ಹಿಡಿ ಅಕ್ಕಿಯನ್ನು ತವರಿಗೆ ಬಿಟ್ಟು ಹೋಗಬೇಕು. ತಾನು ಹೋದರೂ ಆ ಮನೆಯ ಕಣಜ ತುಂಬಿರಲಿ ಅಂತ. ಇದನ್ನು ಶೇಪಾಲಿಗೆ ಯಾರೂ ಹೇಳಿಕೊಟ್ಟವರಿಲ್ಲ. ನಮ್ಮೂರ ಮದುವೆಗಳಲ್ಲಿ ದೂರ ನಿಂತು ನೋಡಿ ತಿಳಿದುಕೊಂಡಿದ್ದಳೋ ಏನೋ. ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದರಲ್ಲಿ ಒಂದು ಹಿಡಿ ಅಕ್ಕಿ ತೆಗೆದು ಬೈರಮ್ಮನ ಮೊರಕ್ಕೆ ಹಾಕಿದಳು. ಆಮೇಲೆ ಇನ್ನೊಂದು ಹಿಡಿ. ಮತ್ತೊಂದು.

“ಊರು ತಣ್ಣಗಿರ್ಲಿ ಬೈರಕ್ಕ,” ಅಂದಳು.

ಅವಳನ್ನು ಇಟ್ಟುಕೊಳ್ಳುವ ಧೈರ್ಯವಿಲ್ಲದ ಊರಿಗೆ ಅವಳು ಅಕ್ಕಿ ಬಿಟ್ಟು ಹೊರಟಿದ್ದಳು. ಕರಿಯಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡು ಗೋಡೆ ಕಡೆ ತಿರುಗಿದರು.

ಬೈರಮ್ಮ ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತ ನಿಂತಳು. ಶೇಪಾಲಿಯನ್ನು ಹತ್ತಿಸಿಕೊಂಡು ಜೀಪಿನ ಬಾಗಿಲು ಹಾಕಿದ ಸದ್ದಿಗೆ ತಲೆಯೆತ್ತಿದಳು.

“ಲಾಯರವ್ವ, ಬಾ ಇಲ್ಲಿ. ತವ್ರಲ್ಲಿ ಅಕ್ಕಿ ಬುಟ್ಟೋದ್ ಮಗಳ್ನ ತಿರ್ಗ ಕರ್ಕೊಂಬರ್ದಿದ್ರೆ ಆ ಮನೆ ಉದ್ದಾರಾಗಕಿಲ್ಲ. ಎಬ್ಬೆಟ್ಟು ಎಲ್ಲೊತ್ಬೇಕು ತೋರ್ಸು.”

ಅತ್ತ ಜೀಪು ಹೊರಟಿತು, ಇತ್ತ ರಂಜಿತ ಕಾಗದವನ್ನು ಹಾಲಿನ ಮಿಷನ್ ಮೇಲೆ ಹಾಸಿದಳು. ಬೈರಮ್ಮ ಮೊರವನ್ನು ಕಂಕುಳಲ್ಲಿ ಅವುಚಿಕೊಂಡೇ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಹೆಂಗಸರು ನಿಂತರು, ಹೆಂಗಸರ ಹಿಂದೆ ನಂಜಪ್ಪನೂ ಬಂದು ನಿಂತ. ನಾನು ಮನೆಗೆ ಓಡಿ ಹೇಮಂತನ ಹೊದಿಕೆ ಕಿತ್ತೆಸೆದು, ಕಿವಿ ಹಿಡಿದು ಎಳೆದುಕೊಂಡು ಬಂದು ಸಾಲಿಗೆ ಸೇರಿಸಿದೆ. ಹಾಲಿನ ಗಾಡಿ ಬಂದು ಹಾರ್ನ್ ಹೊಡೆಯುತ್ತಲೇ ಇತ್ತು. ಕಾಯಲಿ ಎಂದು ಬಿಟ್ಟೆ.