ಹುಲ್ಲು ಅಲುಗುವ ಆಟ

ಚಹಾದ ಹೊತ್ತಿಗೆ ಮತ ಹಾಕುವುದು ಮುಗಿಯುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದ ತಿರುಪತಿ ಹೊಲಿಗೆ ಶೆಡ್ಡಿನ ಆ ತುದಿಯಲ್ಲಿ ಜೀನ್ಸ್ ಬಟ್ಟೆ ಕತ್ತರಿಸುತ್ತಿದ್ದ. ಈ ತುದಿಯಲ್ಲಿ ಜೇಬು ಹೊಲಿಯುತ್ತಿದ್ದ ರಮ್ಯಶ್ರೀಗೆ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಡಿಗ್ರಿ ಮುಗಿಸಿ, ತನ್ನೂರು ರೊಳ್ಳದಿಂದ ಚಿಕ್ಕಮ್ಮ ಚಿನ್ನಕ್ಕನ ಜೊತೆ ರಾಯದುರ್ಗಕ್ಕೆ ಬಂದು ವರ್ಷವಾದರೂ ಅವಳು ಅವನೊಡನೆ ಎದುರುಬದುರು ಮಾತಾಡಿದವಳಲ್ಲ. ಹಳೆಯ ವಿಡಿಯೋ ಗೇಮ್‌ಗಳ ಆ ಗುಂಪಿನಲ್ಲಷ್ಟೇ ಇಬ್ಬರೂ ಇದ್ದರು.

ಮತ ಇದ್ದದ್ದು ಇದಕ್ಕೆ: ಗುಂಪಿನ ಒಳ್ಳೆಯ ಅಡ್ವೆಂಚರ್ ಆಟಗಳ ಪಟ್ಟಿಯಿಂದ ಅವಳ ಮೆಚ್ಚಿನ ಆಟವನ್ನು, ಹುಡುಗನೊಬ್ಬ ದೀಪಸ್ತಂಭ ಹುಡುಕಿಕೊಂಡು ಹೊರಡುವ ಆಟವನ್ನು, ಕಿತ್ತುಹಾಕಬೇಕಂತೆ. ಕತ್ತಿ ಇದೆ, ಹಾಗಾಗಿ ಅದು ಹೊಡೆದಾಟದ ಆ್ಯಕ್ಷನ್ ಆಟ ಎಂದ ಒಬ್ಬ. ಅಡ್ವೆಂಚರ್ ಎನ್ನಲು ಅದರಲ್ಲಿ ಒಗಟುಗಳು ಸಾಲವು ಎಂದ ಇನ್ನೊಬ್ಬ. ಪಟ್ಟಿ ನೋಡಿಕೊಳ್ಳುವ ತಿರುಪತಿಯಂತೂ ‘ಅದಕ್ಕೆ ಯೋಗ್ಯತೆಯೇ ಇಲ್ಲ’ ಎಂದು ಬರೆದುಬಿಟ್ಟಿದ್ದ. ಕಾಲೇಜಿನ ದಿನಗಳಲ್ಲಿ ರಮ್ಯಶ್ರೀಗೆ ಜೊತೆಯಾಗಿದ್ದ ಆಟ ಅದು.

ಉತ್ತರ ಬರೆಯೋಣವೆಂದರೆ, ಸೂಜಿ ತಾಗದಿರಲೆಂದು ಬೆರಳುಗಳಿಗೆ ಸುತ್ತಿದ ಟೇಪಿಗೆ ಫೋನು ಜಗ್ಗಲಿಲ್ಲ. ಟೇಪಿಲ್ಲದ ಕಿರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುವಷ್ಟರಲ್ಲಿ ಚಹಾ ಬಂದುಬಿಡುತ್ತದೆ. ಕೊನೆಗೆ, ಮಾತಾಡಿಯೇ ಕಳಿಸೋಣವೆಂದು ಮೈಕಿನ ಗುರುತು ಒತ್ತಿ ಹಿಡಿದಳು. ಮಿಷಿನ್‌ಗಳ ಸದ್ದಿನಲ್ಲಿ ಪಕ್ಕದವರಿಗೂ ಕೂಗಿಯೇ ಹೇಳುವುದು ಇಲ್ಲಿನ ರೂಢಿ. ಅವಳೂ ಕೂಗಿದಳು.

“ಒಂದ್ಸಲ ಸುಮ್ನೆ ನಿಂತು ನೋಡಿದ್ದೀರಾ? ಆ ಹುಡುಗ ನಿಂತ್ರೆ ಹುಲ್ಲು ಅಲುಗ್ತದೆ! ಅದ್ರಿಂದ ಒಂದು ಪಾಯಿಂಟೂ ಬರಲ್ಲ. ಆದ್ರೂ ಯಾರೋ ಕೂತ್ಕೊಂಡು ಅದ್ನ ಬಿಡಿಸವ್ರೆ!”

ಕರೆಂಟು ಹೋಯಿತು. ಮಿಷಿನ್‌ಗಳೆಲ್ಲ ಒಮ್ಮೆಲೇ ನಿಂತವು. ಅವಳ ದನಿ ಮಾತ್ರ ನಿಲ್ಲಲಿಲ್ಲ.

“ಆ್ಯಕ್ಷನ್ನೋ ಅಡ್ವೆಂಚರ್ರೋ, ನಂಗೆ ಆ ಹುಲ್ಲೇ ಬೇಕು!”

ಇಡೀ ಶೆಡ್ಡು ತಿರುಗಿ ನೋಡಿತು.

“ಯಾವ ಹುಲ್ಲಮ್ಮಿ?” ಎಂದಳು ಚಿನ್ನಕ್ಕ. “ನಂಗೇಳ್ದೇನೆ ಹಸ ಏನಾರ ಕಟ್ಟಿದ್ದೀಯಾ?”

ನಗು ಎದ್ದಿತು. ತಿರುಪತಿ ಆ ತುದಿಯಿಂದಲೇ ಹೇಳಿದ, “ಹುಲ್ಲು ನಾನೂ ನೋಡೀನ್ರಿ. ಚಂದ ಐತಿ. ಚಂದ ಇದ್ದದ್ದೆಲ್ಲಾ ಅಡ್ವೆಂಚರ್ ಆಗ್ತದೇನ್ರಿ?”

ರಮ್ಯಶ್ರೀಗೆ ಈಗ ಅಡಗಲು ಮಿಷಿನ್ ಸದ್ದೂ ಇಲ್ಲ. ತಲೆ ಬಗ್ಗಿಸಿಬಿಡಬಹುದಿತ್ತು.

“ಆಗ್ದಿದ್ರೆ ಬ್ಯಾಡ, ಪಟ್ಟಿಯಿಂದ ತೆಗೀರಿ,” ಎಂದಳು, ತನಗೇ ಗುರುತು ಸಿಗದ ದನಿಯಲ್ಲಿ. “ಯೋಗ್ಯತೆ ಇಲ್ಲ ಅಂದ್ರಲ್ಲ, ಆ ಮಾತನ್ನೂ ತೆಗೀರಿ.”

“ತೆಗಿಯಪ್ಪಾ,” ಎಂದಳು ಚಿನ್ನಕ್ಕ. “ಇವ್ಳು ಇಷ್ಟು ಮಾತಾಡಿದ್ದು ನಾನೂ ಇವತ್ತೇ ಕೇಳಿದ್ದು.”

ತಿರುಪತಿ ಜೇಬಿನಿಂದ ಫೋನು ತೆಗೆದ. ಸ್ವಲ್ಪ ಹೊತ್ತಿಗೆ ಅವಳ ಮಡಿಲಲ್ಲಿ ಫೋನು ಗುಂಯ್‌ಗುಟ್ಟಿತು. ಪಟ್ಟಿಯಲ್ಲಿ ಆಟ ಇರಲಿಲ್ಲ. ಗುಂಪಿನಲ್ಲಿ ಯೋಗ್ಯತೆಯ ಆ ಮಾತೂ ಇರಲಿಲ್ಲ.

ಕರೆಂಟು ಬಂತು. ಎಲ್ಲರೂ ಪೆಡಲ್ ಒತ್ತಿದರು. ರಮ್ಯಶ್ರೀ ಮಾತ್ರ ಬೆಳಗಿನಿಂದ ಸೊಟ್ಟಗೆ ಬಿದ್ದಿದ್ದ ಜೇಬಿನ ಹೊಲಿಗೆ ಬಿಚ್ಚತೊಡಗಿದಳು.