ಕಲ್ಲಂಗಡಿ ಎಂಬ ಪದ

ಆ ಬೆಳಿಗ್ಗೆ ಸೂರ್ಯನ ಎಡಕ್ಕೊಂದು ಬಲಕ್ಕೊಂದು ಸುಳ್ಳುಸೂರ್ಯ, ಗಾಳಿಯ ಹಿಮಕಣಗಳಲ್ಲಿ ಹೊಳೆಯುವ ಬೆಳಕಿನ ಮಚ್ಚೆ, ಮೂಡಿತ್ತು. ಮ್ಯಾನಿಟೋಬಾದ ಬಯಲಿನಲ್ಲಿ ಫೆಬ್ರವರಿಗೆ ಅದೇನು ಹೊಸದಲ್ಲ, ಚಳಿ ಇನ್ನೂ ಬಲಿಯುತ್ತದೆ ಎಂದಷ್ಟೇ ಅರ್ಥ. ಆದರೂ ಯುಸ್ಟೀನಾ ಕಾಲೇಜಿನ ಮೆಟ್ಟಿಲ ಮೇಲೆ ಬೂಟಿನ ಹಿಮ ಕೊಡವುತ್ತ ಒಂದು ಗಳಿಗೆ ಅತ್ತ ನೋಡಿ, ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡಳು.

ಬಾಗಿಲು ಹಿಡಿದು ನಿಂತಿದ್ದವರು ಥೀಸನ್ ಅಜ್ಜ. ಬಾಯಿಯ ಒಂದು ಕಡೆಯಿಂದ ಸೂರ್ಯಕಾಂತಿ ಬೀಜ ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಸಿಪ್ಪೆ ಹೊರಗೆ ಬರುತ್ತಿತ್ತು. ಕೈ ಮುಟ್ಟಿಸುವ ಮಾತೇ ಇಲ್ಲ. ಆ ಊರಿನ ಮೆನನೈಟ್ ಎಂಬ ಕ್ರೈಸ್ತ ಪಂಗಡದ ಮುದುಕರಿಗೆಲ್ಲ ಬರುವ ವಿದ್ಯೆ ಅದು.

"ಅಜ್ಜ, ಒಳಗೆ ಬೀಜ ತಿಂದ್ರೆ ಮೇಡಂ ನಿಮ್ಮನ್ನೇ ಫೇಲ್ ಮಾಡ್ತಾರೆ."

"ಮಾಡ್ಲಿ ಬಿಡು. ನಲವತ್ತು ವರ್ಷ ಸ್ಕೂಲ್ ಬಸ್ಸಲ್ಲಿ ನಿಮ್ಮಂಥ ಕೋತಿಗಳನ್ನ ಸಾಗಿಸ್ದೋನು ನಾನು. ಬೇಗ ಒಳಗ್ ಬಾ, ಮೂಗು ಉದುರಿಹೋಗುತ್ತೆ."

ಗೋಡೆಯ ಗಡಿಯಾರದಲ್ಲಿ ಆಗ ಎಂಟಕ್ಕೆ ಕಾಲು ಗಂಟೆ ಉಳಿದಿತ್ತು.

ಅಂದು ರೋಗಿಯ ಜೊತೆ ಮಾತಾಡುವ ಪರೀಕ್ಷೆ. ನರ್ಸಿಂಗ್ ಎರಡನೆಯ ವರ್ಷದವರು ಸೂಜಿ ಚುಚ್ಚುವುದನ್ನು ರಬ್ಬರ್ ತೋಳಿನ ಮೇಲೆ ಕಲಿತರೆ, ಮಾತನ್ನು ಊರಿನವರ ಮೇಲೆ ಕಲಿಯುತ್ತಾರೆ. ಊರಿನವರು ಬಂದು ರೋಗಿಯ ಪಾತ್ರ ಮಾಡುತ್ತಾರೆ; ಥೀಸನ್ ಅಜ್ಜ ಅಂಥವರಲ್ಲೊಬ್ಬರು. ಯುಸ್ಟೀನಾ ಈ ಪರೀಕ್ಷೆಯಲ್ಲಿ ಒಮ್ಮೆ ಸೋತಿದ್ದಳು. ಇನ್ನೊಮ್ಮೆ ಸೋತರೆ ಕಾಲೇಜು ಬಿಟ್ಟು ಅಪ್ಪನ ಹಸುಗಳ ಹತ್ತಿರ ಹೋಗಬೇಕು.

ಅವಳು ಸೋತದ್ದು ಒಂದೇ ಚಾಳಿಯಿಂದ. ಎದುರಿನವರು ಮಾತಿಗೆ ತಡಕಾಡಿದರೆ ತಾನೇ ವಾಕ್ಯ ಮುಗಿಸಿಬಿಡುತ್ತಿದ್ದಳು. ತೊದಲುವ ತಮ್ಮನ ಪಕ್ಕದಲ್ಲಿ ಬೆಳೆದವಳು; ಅವನ ಅರ್ಧ ಮಾತೆಲ್ಲ ಅವಳ ಬಾಯಿಂದಲೇ ಪೂರ್ತಿಯಾಗುತ್ತಿತ್ತು. ಟೊರಾಂಟೊದಿಂದ ಬಂದ ಪ್ರಿಸಿಲ್ಲಾ ಮೇಡಂಗೆ ಅದು ಸೇರುತ್ತಿರಲಿಲ್ಲ. "ರೋಗಿಯ ಬಾಯಿಗೆ ನಿನ್ನ ಮಾತು ತುರುಕಬೇಡ. ಅವರು ಹುಡುಕ್ಲಿ. ನೀನು ಸುಮ್ನೆ ಕಾಯ್ತಾ ಇರು." ಚಳಿಗಾಲವೆಲ್ಲ ಯುಸ್ಟೀನಾ ಸುಮ್ಮನಿರುವುದನ್ನೇ ಅಭ್ಯಾಸ ಮಾಡಿದ್ದಳು. ಮೌನ ಕೂಡ ಪ್ರಾರ್ಥನೆಯೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಇನ್ನೊಂದು ನಿಯಮವಿತ್ತು. ಪಾತ್ರ ಮಾಡುವವರಿಗೆ ನಿಜವಾಗಿಯೇ ಮೈ ಕೆಟ್ಟರೆ ಆಟ ನಿಲ್ಲಿಸಲು ಒಂದೊಂದು ಪದ. ಅಜ್ಜ ಆರಿಸಿಕೊಂಡದ್ದು ಕಲ್ಲಂಗಡಿ. "ಈ ಹಿಮದಲ್ಲಿ ಹೊಟ್ಟೆನೋವಿನವನು ಕಲ್ಲಂಗಡಿ ಯಾಕಮ್ಮ ನೆನೀತಾನೆ? ತಪ್ಪಿ ಬಾಯಿಂದ ಜಾರೋ ಪದ ಅಲ್ಲ ಅದು" ಎಂದಿದ್ದರು. ಆ ಪದ ರೋಗಿಯದು ಮಾತ್ರ. ಹಿಂದೊಮ್ಮೆ ಉತ್ತರ ತೋಚದ ವಿದ್ಯಾರ್ಥಿಯೊಬ್ಬ ತಾನೇ ಅದನ್ನು ಹೇಳಿ ತಪ್ಪಿಸಿಕೊಂಡಿದ್ದ. ಅಂದಿನಿಂದ ವಿದ್ಯಾರ್ಥಿ ಹೇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಸೋತ ಲೆಕ್ಕ.

ಎಂಟೂವರೆಗೆ ಪಡಸಾಲೆಯಲ್ಲಿ ಅಜ್ಜ ಮತ್ತೆ ಸಿಕ್ಕರು. ಮೈಮೇಲೆ ಆಸ್ಪತ್ರೆಯ ನಿಲುವಂಗಿ. ತುಟಿಯ ಬಲತುದಿಗೆ ಒಂದು ಸಿಪ್ಪೆ ಒದ್ದೆಯಾಗಿ ಅಂಟಿಕೊಂಡಿತ್ತು.

"ಹೆದರ್ಬೇಡ, ಅಗಾಥಾ" ಎಂದರು.

ಅಗಾಥಾ ಅವಳ ಅಮ್ಮ. ಅಮ್ಮನೂ ಅದೇ ಬಸ್ಸಿನಲ್ಲಿ ಶಾಲೆಗೆ ಹೋದವಳು. ಯುಸ್ಟೀನಾ ನಕ್ಕು ಮುಂದೆ ಹೋದಳು.

ಒಂಬತ್ತಕ್ಕೆ ಬಾಗಿಲು ತಟ್ಟಿ, ಹೆಸರು ಹೇಳಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಎದುರಿಗೆ ಕಪ್ಪು ಗಾಜು. ಅದರ ಹಿಂದೆ ಮೇಡಂ ಹಾಳೆ ಹಿಡಿದು ಕುಳಿತಿದ್ದಾರೆ. ಅವರಿಗೆ ಇವಳು ಕಾಣುತ್ತಾಳೆ, ಇವಳಿಗೆ ಅವರು ಕಾಣುವುದಿಲ್ಲ.

"ಇವತ್ತು ಹೇಗನಿಸ್ತಿದೆ, ಹೇಳಿ."

ಪಾತ್ರ ಹೊಟ್ಟೆನೋವು ಮುಚ್ಚಿಡುವ ಮುದುಕನದು. "ಅಂಥದ್ದೇನಿಲ್ಲ" ಎಂದರು ಅಜ್ಜ. "ನಿನ್ನೆ ಊಟ..." ಅಲ್ಲಿಗೆ ಮಾತು ನಿಂತಿತು.

ಯುಸ್ಟೀನಾ ಕಾದಳು. ಒಂದು ಉಸಿರು, ಎರಡು, ಐದು. ಕಿಟಕಿಯ ಸಂದಿಯಲ್ಲಿ ಗಾಳಿ ಸಣ್ಣಗೆ ಕೊರಗುತ್ತಿತ್ತು. ಗಾಜಿನಾಚೆ ಈ ಮೌನಕ್ಕೆ ಅಂಕ ಬೀಳುತ್ತಿರಬೇಕು.

"ರೋಲ್‌ಕೂಕನ್" ಎಂದರು ಅಜ್ಜ.

ಹಿಟ್ಟಿನ ಪಟ್ಟಿ ಕತ್ತರಿಸಿ ಎಣ್ಣೆಯಲ್ಲಿ ಕರಿದ ತಿಂಡಿ. ರೋಗಿಯ ಮಾತನ್ನು ತಿರುಗಿ ಹೇಳಬೇಕು ಎಂಬುದು ಕಲಿಸಿದ ಪಾಠ. "ರೋಲ್‌ಕೂಕನ್ ತಿಂದ್ರಾ?" ಎಂದಳು.

ಅಜ್ಜ ಇಲ್ಲವೆಂದು ತಲೆಯಾಡಿಸಿದರು. "ರೋಲ್‌ಕೂಕನ್. ರೋಲ್‌ಕೂಕನ್ ಮತ್ತೆ... ಅದು. ಅದು." ಎಡಗೈ ಗಾಳಿಯಲ್ಲಿ ಒಂದು ದೊಡ್ಡ ಗುಂಡು ಬರೆಯಿತು. ಬಲಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಮರೆತುಹೋದ ಕೈಗವಸಿನ ಹಾಗೆ.

ಯುಸ್ಟೀನಾ ಆ ಕೈಯನ್ನೇ ನೋಡಿದಳು. ಮೆನನೈಟರ ಮನೆಗಳಲ್ಲಿ ರೋಲ್‌ಕೂಕನ್ ಒಂಟಿಯಾಗಿ ತಟ್ಟೆಗೆ ಬರುವುದಿಲ್ಲ. ಬೇಸಿಗೆಯಲ್ಲಿ ಅದರ ಪಕ್ಕಕ್ಕೆ ಕಲ್ಲಂಗಡಿ ಹೋಳು ಇರಲೇಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ರೂಢಿ. ಟೊರಾಂಟೊದ ಕಿವಿಗೆ ಇದು ಹಸಿದ ಮುದುಕನ ಮಾತು. ಅಜ್ಜ ತಮ್ಮ ಪದದ ಬಾಗಿಲವರೆಗೆ ಬಂದಿದ್ದರು. ಬೀಗದ ಕೈ ಕಳೆದುಹೋಗಿತ್ತು.

ನಟನೆಯೇ ಇದ್ದರೆ? ಅಜ್ಜನಷ್ಟು ಚೆನ್ನಾಗಿ ಪಾತ್ರ ಮಾಡುವವರು ಊರಲ್ಲೇ ಇರಲಿಲ್ಲ. ಸುಮ್ಮನೆ ಕಾಯುತ್ತ ಕುಳಿತರೆ ಅವಳು ಗೆಲ್ಲುತ್ತಾಳೆ. ಮೌನಕ್ಕೆ ಎರಡು ಮುಖವಿದೆ ಎಂದು ಅವಳಿಗೆ ಆಗ ಹೊಳೆಯಿತು. ಅಜ್ಜನ ಕಣ್ಣಿನಲ್ಲಿ ಕಾಣುತ್ತಿದ್ದುದು ಅದರ ಇನ್ನೊಂದು ಮುಖ: ಹೇಳಬೇಕೆಂದರೂ ಪದ ಸಿಗದವನ ಮೌನ.

"ಕಲ್ಲಂಗಡಿ" ಎಂದಳು.

ಅಜ್ಜ ಕಣ್ಣು ಮುಚ್ಚಿ ಎರಡು ಸಲ ಹೌದೆಂದು ತಲೆಯಾಡಿಸಿದರು.

ಗೋಡೆಯ ಸ್ಪೀಕರ್ ಗುರುಗುಟ್ಟಿತು. "ಯುಸ್ಟೀನಾ, ಆ ಪದ ನಿಂದಲ್ಲ ಅಂತ ಗೊತ್ತಿದೆ ತಾನೇ?"

"ಗೊತ್ತು ಮೇಡಂ. ಆಂಬುಲೆನ್ಸಿಗೆ ಫೋನ್ ಮಾಡಿ."

"ಅವ್ರು ಪಾತ್ರ ಮಾಡ್ತಿದಾರಮ್ಮ. ನೀನು ಸುಮ್ನೆ..."

"ಅಜ್ಜ, ಗಾಜಿನ ಕಡೆ ತಿರುಗಿ ಒಂದ್ಸಲ ನಗಿ."

ಅಜ್ಜ ನಕ್ಕರು. ಮುಖದ ಅರ್ಧ ಮಾತ್ರ ನಕ್ಕಿತು. ಗಾಜಿನ ಹಿಂದೆ ಕುರ್ಚಿ ಉರುಳಿದ ಸದ್ದು ಕೇಳಿಸಿತು.

ಆಂಬುಲೆನ್ಸಿನವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ಇವರು ಸರಿಯಾಗಿದ್ದದ್ದನ್ನು ಕೊನೆಗೆ ಯಾರು ಯಾವಾಗ ನೋಡಿದ್ದು? ಮಿದುಳಿನಲ್ಲಿ ಕಟ್ಟಿದ ರಕ್ತ ಕರಗಿಸುವ ಮದ್ದು ಆ ಹೊತ್ತಿನಿಂದ ಕೆಲವೇ ತಾಸಿನೊಳಗೆ ಕೊಡಬೇಕು; ಆಮೇಲೆ ಕೊಟ್ಟರೆ ಮದ್ದೇ ಅಪಾಯ.

"ಒಂಬತ್ತಕ್ಕೆ ಚೆನ್ನಾಗೇ ಇದ್ರಲ್ಲ" ಎಂದರು ಪ್ರಿಸಿಲ್ಲಾ ಮೇಡಂ.

"ಇಲ್ಲ ಮೇಡಂ." ಯುಸ್ಟೀನಾ ಆಂಬುಲೆನ್ಸಿನವನ ಕಡೆ ತಿರುಗಿದಳು. "ಎಂಟೂವರೆಗೇ ಸಿಪ್ಪೆ ತುಟಿಗೆ ಅಂಟಿತ್ತು. ನನ್ನನ್ನ ಅಮ್ಮನ ಹೆಸರಲ್ಲಿ ಕರೆದ್ರು. ನಾನು ನಕ್ಕುಬಿಟ್ಟೆ. ಸರಿಯಾಗಿದ್ದಿದ್ದು ಬಾಗಿಲ ಹತ್ರ, ಎಂಟಕ್ಕೆ ಕಾಲು ಗಂಟೆ ಮುಂಚೆ."

ಮೇಡಂ ಕೈಯಲ್ಲಿದ್ದದ್ದು ಪರೀಕ್ಷೆಯ ಹಾಳೆಯೊಂದೇ. ಯುಸ್ಟೀನಾಳ ಅಂಕ ಬರೆಯಬೇಕಾದ ಖಾಲಿ ಚೌಕದಲ್ಲಿ ದಪ್ಪಕ್ಷರದಲ್ಲಿ ಏಳು ನಲವತ್ತೈದು ಎಂದು ಬರೆದು, ಹರಿದು, ಆಂಬುಲೆನ್ಸಿನವನಿಗೆ ಕೊಟ್ಟರು. ದೊಡ್ಡಾಸ್ಪತ್ರೆ ಇರುವ ವಿನಿಪೆಗ್ ಒಂದೂವರೆ ತಾಸಿನ ದಾರಿ. ಬಯಲಿನಲ್ಲಿ ಗಾಳಿ ಎದ್ದಿತ್ತು. ಹಿಮ ರಸ್ತೆಯನ್ನು ಅಡ್ಡಡ್ಡ ದಾಟುತ್ತಿತ್ತು.

"ನಿನ್ನ ಹಾಳೆ ಹೋಯ್ತಲ್ಲ" ಎಂದರು ಮೇಡಂ, ಮೆಲ್ಲಗೆ. "ಪರೀಕ್ಷೆ ಕಮಿಟಿಯವ್ರಿಗೆ ಏನು ತೋರಿಸ್ಲಿ ನಾನು?"

ಯುಸ್ಟೀನಾ ಆಗಲೇ ಹೊರಗೆ ಓಡಿದ್ದಳು. ಸ್ಟ್ರೆಚರ್ ಏರಿಸುವಾಗ ಅಜ್ಜನ ಎಡಗೈ ಅವಳ ಬೆರಳು ಹಿಡಿದಿತ್ತು. ತುಟಿ ಅಲುಗಿತು. "ಯು..." ಎಂದರು. "ಯು..."

ಅದು ತನ್ನ ಹೆಸರು ಎಂದು ಅವಳಿಗೆ ಗೊತ್ತಿತ್ತು. ಉಳಿದ ಅಕ್ಷರಗಳು ನಾಲಿಗೆಯ ತುದಿಗೆ ಬಂದು ಕುಳಿತಿದ್ದವು. ಅವಳು ಹೇಳಲಿಲ್ಲ. ಗಾಳಿಯಲ್ಲಿ ಬರಿದಲೆಯಲ್ಲಿ ನಿಂತು, ದೇವರೇ, ಈ ಪದ ಅವರಾಗಿಯೇ ಹೇಳಲಿ ಎಂದು ಬೇಡುತ್ತ ಕಾದಳು.

ಪದ ಬರುವ ಮುನ್ನವೇ ಆಂಬುಲೆನ್ಸಿನ ಬಾಗಿಲು ಮುಚ್ಚಿತು.