ಜರಡಿ ಹಿಡಿದ ಹವಳದ ಮರಳು

ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇಡಿಸಿಕೊಂಡಳು. ಸಮುದ್ರದ ಮೀನು ಸಾಕಬೇಕೆನ್ನುವುದು ಅವಳ ಬಹುದಿನದ ಆಸೆ. ತಳಕ್ಕೆ ಮರಳು ಬೇಕು ಎಂದು ಫೋನಿನಲ್ಲಿ ಅಂದದ್ದೇ ತಡ, ಅವಳ ತಮ್ಮ ಗಾರೆ ಮೇಸ್ತ್ರಿ ಒಂದು ಮೂಟೆ ಹೊತ್ತುಕೊಂಡು ಬಂದೇಬಿಟ್ಟ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸಾಕು, ಮರಳು ಗೋಡೆಗಾಗುತ್ತದೋ ನೆಲಕ್ಕಾಗುತ್ತದೋ ಹೇಳಬಲ್ಲವನು ಅವನು.

"ತೊಳೆದು ತಂದಿದ್ದೀನಿ. ಇದಕ್ಕಿಂತ ಒಳ್ಳೇದು ಊರೆಲ್ಲಾ ಹುಡುಕಿದ್ರೂ ಸಿಗಲ್ಲ" ಎಂದು ಮೂಟೆ ಇಳಿಸಿದ.

ಅಕ್ಕ ಒಂದು ಚಿಟಿಕೆ ಮರಳನ್ನು ತಟ್ಟೆಗೆ ಹಾಕಿ ವಿನೆಗರ್ ಬಿಟ್ಟಳು. ಮರಳು ಸುಮ್ಮನೆ ಒದ್ದೆಯಾಗಿ ಕೂತಿತು. ಪಕ್ಕದಲ್ಲಿ ಕುಟ್ಟಿ ಇಟ್ಟಿದ್ದ ಕಪ್ಪೆಚಿಪ್ಪಿನ ಪುಡಿಗೂ ಎರಡು ಹನಿ ಬಿಟ್ಟಳು. ಅದು ಬುರಬುರನೆ ನೊರೆ ಎಬ್ಬಿಸಿತು.

"ನೋಡು, ನಿಂದು ಕಲ್ಲಿನ ಮರಳು. ನನಗೆ ಬೇಕಿರೋದು ಹೀಗೆ ನೊರೆ ಬರೋ ಹವಳದ ಮರಳು. ನೀರಿನ ಗುಣ ಕೆಡದ ಹಾಗೆ ಅದು ಕಾಪಾಡುತ್ತೆ. ಅದೂ ನುಣ್ಣಗಿರಬೇಕು ಕಣೋ. ನಾನು ತರೋ ಮೀನು ದೀಪ ಆರಿದ ಮೇಲೆ ಮರಳೊಳಗೆ ಹೂತುಕೊಂಡು ಮಲಗುತ್ತೆ. ಇದರಲ್ಲಿ ಮಲಗಿದ್ರೆ ಮೈಯೆಲ್ಲ ಗೀರಿಹೋಗುತ್ತೆ."

"ಮರಳಿನ ವಿಷಯ ನನಗೇ ಹೇಳಿಕೊಡ್ತೀಯಾ?"

"ಮನೆ ಕಟ್ಟೋದನ್ನ ಹೇಳಿಕೊಡ್ತಿಲ್ವಲ್ಲ."

ಮೇಸ್ತ್ರಿಯ ಮುಖ ಗಂಟಿಕ್ಕಿತು. ಒಂದು ಲೋಟ ನೀರನ್ನೂ ಕುಡಿಯದೆ ಮೂಟೆ ಎತ್ತಿಕೊಂಡು ಹೊರಟುಹೋದ. ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗಿದ. "ಮೀನಿಗೆ ನುಣ್ಣಗಿನ ಮರಳೇ ಆಗಬೇಕಂತೆ."

"ಅಂಗಿಯ ಹೊಲಿಗೆ ಸ್ವಲ್ಪ ಚುಚ್ಚಿದ್ರೆ ನೀವು ಮನೆ ಮೇಲೆ ಕೆಳಗೆ ಮಾಡ್ತೀರಿ. ಮೀನಿಗೆ ಅಂಗಿನೂ ಇಲ್ಲ, ಪಾಪ" ಎಂದಳು ಅವಳು.

ಮೇಸ್ತ್ರಿ ಬೆಳಗಾಗುತ್ತಲೇ ಅಕ್ಕನಿಗೆ ಫೋನ್ ಮಾಡಿದ. "ಮರಳು ತರೋದು ನಾನೇ. ನೀನು ಬೇರೆ ಯಾರಿಗೂ ಹೇಳಬೇಡ."

ಜೇಬಿನಲ್ಲಿ ವಿನೆಗರಿನ ಸೀಸೆ ಇಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿದ. ಒಂದು ಕಡೆ ಹವಳದ ಚೂರೇನೋ ಇತ್ತು. ಮಣಿಕಟ್ಟಿನ ಒಳಬದಿಗೆ ಉಜ್ಜಿಕೊಂಡು ನೋಡಿದರೆ ಕೆಂಪು ಗೆರೆ ಎದ್ದಿತು. ಇನ್ನೊಂದು ಕಡೆ ಕಣ್ಣು ಕುಕ್ಕುವ ನೀಲಿ ಮರಳು. ಹನಿ ಬಿಟ್ಟರೆ ನೊರೆಯ ಸುಳಿವೇ ಇಲ್ಲ. ಕೊನೆಗೆ ಬಂದರಿನ ಬಳಿಯ ಅಂಗಡಿಯಲ್ಲಿ ಹಾಲುಬಿಳುಪಿನ ಮರಳು ಸಿಕ್ಕಿತು. ನೊರೆಯೂ ಬಂತು. ಆದರೆ ನುಣ್ಣನೆಯದರ ನಡುವೆ ದಪ್ಪ ಚೂರುಗಳು ಬೆರೆತಿದ್ದವು.

"ಇದು ಬರೋದೇ ಹೀಗೆ ಯಜಮಾನ್ರೇ. ಬರೀ ಸಣ್ಣದು ಬೇಕಂದ್ರೆ ಕೂತು ಆರಿಸೋರು ಯಾರು?" ಎಂದ ಅಂಗಡಿಯವನು.

"ಆ ಚಿಂತೆ ನಿಮಗೆ ಬೇಡ. ಚೀಲ ಕಟ್ಟಿ" ಎಂದ ಮೇಸ್ತ್ರಿ.

ಗೋಡೆಯ ಕೊನೆಯ ಪದರಕ್ಕೆ ಮರಳು ಸೋಸುವ ಸಣ್ಣ ಕಣ್ಣಿನ ಜರಡಿಯನ್ನು ಅಟ್ಟದಿಂದ ಇಳಿಸಿ, ತಿಕ್ಕಿ ತೊಳೆದು, ಅಂಗಳದಲ್ಲಿ ಕೂತ. ಮಣಿಕಟ್ಟು ತನ್ನಷ್ಟಕ್ಕೆ ತಾನು ಆಡತೊಡಗಿತು. ದಪ್ಪದ್ದು ಜರಡಿಯಲ್ಲಿ ಉಳಿಯಿತು, ನುಣ್ಣನೆಯದು ಕೆಳಗೆ ರಾಶಿಯಾಯಿತು. ಹೆಂಡತಿ ನೀರು ಹೊಯ್ದಂತೆಲ್ಲ ಬಕೆಟ್ಟಿನಲ್ಲಿ ಕಲಕಿ ಕಲಕಿ ತೊಳೆದ. ಬಿಳಿ ಕದಡೆಲ್ಲ ಹೋಗಿ ನೀರು ತಿಳಿಯಾಗುವವರೆಗೂ ಬಿಡಲಿಲ್ಲ.

ಅವನು ಬಕೆಟ್ಟು ತಂದಿಟ್ಟಾಗ ಅಕ್ಕ ಈ ಸಲ ಪರೀಕ್ಷೆ ಮಾಡಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ಬೆರಳ ಸಂದಿನಲ್ಲಿ ಮರಳು ಜಾರಲು ಬಿಟ್ಟಳು. "ಹೆರಿಗೆ ವಾರ್ಡಲ್ಲಿ ಮಕ್ಕಳಿಗೆ ಪೌಡರ್ ಹಾಕಿದ್ದು ನೆನಪಾಯ್ತು ಕಣೋ" ಎಂದಳು. "ನನಗೆ ಪುಸ್ತಕ ಓದಿ ಗೊತ್ತಿತ್ತು ಅಷ್ಟೇ. ಇಷ್ಟು ನುಣ್ಣಗೆ ಮಾಡೋಕೆ ನಿನ್ನ ಕೈಯೇ ಬೇಕಿತ್ತು."

ಮೇಸ್ತ್ರಿ ಬಕೆಟ್ಟು ಎತ್ತಿ ಮರಳನ್ನು ತೊಟ್ಟಿಯ ತಳಕ್ಕೆ ಸುರಿದು ಸಮನಾಗಿ ಹರಡಿದ.

ನೀರು ಹದಕ್ಕೆ ಬಂದ ಮೇಲೆ ಹಳದಿ ಮೀನು ಬಂತು. ಸಂಜೆ ತಮ್ಮನೂ ಅವನ ಹೆಂಡತಿಯೂ ನೋಡಲು ಬಂದಾಗ ಅಕ್ಕ ತೊಟ್ಟಿಯ ದೀಪ ಆರಿಸಿದಳು. ಮೀನು ಮೂಲೆಮೂಲೆ ಮೂಸಿ, ಬಾಲ ಬಡಿದು, ತಲೆ ತೂರಿಸಿ, ಮರಳೊಳಗೆ ಮಾಯವಾಯಿತು. ಮರಳಿನ ಮೇಲೆ ಒಂದು ಗೀರೂ ಉಳಿಯಲಿಲ್ಲ.

ಮೇಸ್ತ್ರಿ ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ. ಕೆಲಸ ಮುಗಿದ ಮೇಲೆ ಅಲ್ಲಿ ಯಾರು ಬಂದರು, ಹೇಗೆ ಬಾಳಿದರು ಎಂದು ನಿಂತು ನೋಡಿದವನಲ್ಲ. ಇವತ್ತು ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟ.

"ಹೊತ್ತಾಯ್ತು, ಹೋಗೋಣ ಬನ್ನಿ" ಎಂದು ಹೆಂಡತಿ ಬಾಗಿಲಲ್ಲಿ ಕರೆದಳು.

"ನೀನು ನಡೀತಿರು, ಬಂದೆ" ಎಂದ. ಕಾಲು ಮಾತ್ರ ಕದಲಲಿಲ್ಲ.